ವಾರಿಜಾಳ ಹೆಸರಿನ ಬಾಗಿಲು

ಶಿಷ್ಯ ಕೇಳಿದ: "ಗುರುಗಳೇ, ಹನ್ನೊಂದು ಅಂಗಡಿ, ಆಫೀಸುಗಳ ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತೇನೆ. ಕಳ್ಳರು ಒಳಹೊಗದಂತೆ ಕಾಯುವುದೂ ನನ್ನದೇ ಕೆಲಸ. ಎಲ್ಲರಿಗೂ ಒಂದೇ ಕಟ್ಟುಪಾಡು ಎಂದು ಹೊರಟೆ. ಹತ್ತು ಮಂದಿ ಗೊಣಗಿಕೊಂಡು ಒಪ್ಪಿದರು. ಒಬ್ಬರು ಮಾತ್ರ 'ನನ್ನೊಬ್ಬನನ್ನು ಬಿಟ್ಟುಬಿಡು' ಎಂದು ಕೈಮುಗಿಯುತ್ತಾರೆ. ಒಳ್ಳೆಯವರು, ನೊಂದವರು. ಅವರಿಗೆ ವಿನಾಯಿತಿ ಕೊಟ್ಟರೆ ತಪ್ಪೇ?"

ಗುರು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ನಿನ್ನದೇ ಕಸುಬಿನವನೊಬ್ಬನಿದ್ದ. ಜನ ಅವನನ್ನು ಕಂಪ್ಯೂಟರ್ ಕಾವಲುಗಾರ ಎನ್ನುತ್ತಿದ್ದರು. ಅವನಿಗೆ ಒಂಬತ್ತು ಗಿರಾಕಿಗಳು. ಮೊದಮೊದಲು ಗಿರಾಕಿ ಹೇಳಿದಂತೆಯೇ ಮಾಡಿಕೊಟ್ಟ. ಅಕ್ಕಿ ಗಿರಣಿಯಲ್ಲಿ ಆರು ಗುಮಾಸ್ತರಿಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ವಕೀಲರ ಆಫೀಸಿನಲ್ಲಿ ಪಾಸ್‌ವರ್ಡನ್ನು ಗೋಡೆಯ ಕ್ಯಾಲೆಂಡರಿನ ಮೇಲೆಯೇ ಬರೆದಿಟ್ಟಿದ್ದರು. ಯಾರಲ್ಲಿ ಏನು ಮಾಡಿದ್ದೇನೆಂಬುದು ಅವನಿಗೇ ನೆನಪಿರುತ್ತಿರಲಿಲ್ಲ.

ಹೀಗಿರುವಾಗ ಔಷಧಿ ಅಂಗಡಿಯಲ್ಲಿ ಜಗಳವಾಡಿ ಕೆಲಸ ಬಿಟ್ಟ ಒಬ್ಬ ತನ್ನ ಮನೆಯಲ್ಲೇ ಕುಳಿತು, ಹಳೆಯ ಹೆಸರಿನಿಂದ ಅಂಗಡಿಯ ಕಂಪ್ಯೂಟರ್ ಹೊಕ್ಕ. ದಾಸ್ತಾನಿನ ಪಟ್ಟಿಯನ್ನೆಲ್ಲ ಕಲಸಿಟ್ಟ. ಯಾವ ಮಾತ್ರೆ ಎಷ್ಟಿದೆ ಎಂದು ತಿಳಿಯಲು ಅಂಗಡಿಯವನು ನಾಲ್ಕು ದಿನ ಏಣಿ ಹತ್ತಿ ಇಳಿದ.

ಕಾವಲುಗಾರನಿಗೆ ಬುದ್ಧಿ ಬಂತು. ಒಂಬತ್ತೂ ಕಡೆ ಒಂದೇ ಕಟ್ಟುಪಾಡು ಎಂದು ನಿಶ್ಚಯಿಸಿದ. ಪ್ರತಿಯೊಬ್ಬನೂ ತನ್ನ ಹೆಸರಿನಿಂದಲೇ ಒಳಗೆ ಬರಬೇಕು. ವಾರಕ್ಕೊಮ್ಮೆ ಎಲ್ಲದರ ನಕಲು ಬೇರೆಡೆ ಸೇರಬೇಕು, ಆ ನಕಲಿಗೆ ಬೇರೆಯದೇ ಪಾಸ್‌ವರ್ಡ್ ಇರಬೇಕು. ಬಿಟ್ಟುಹೋದವರ ಹೆಸರಿನಲ್ಲಿರುವ ಬಾಗಿಲನ್ನು ಅವರು ಹೋದ ದಿನವೇ ಮುಚ್ಚಬೇಕು.

ಗಿರಣಿಯ ಸಾಹುಕಾರ ರೇಗಿದ. "ಏನಯ್ಯಾ, ಬ್ಯಾಂಕಿಗೆ ಹಾಕೋ ಬೀಗ ನನ್ನ ನುಚ್ಚಕ್ಕಿಗೂ ಹಾಕ್ತೀಯಾ?"

"ಇಲಿಗೆ ಬ್ಯಾಂಕಿಗಿಂತ ನುಚ್ಚೇ ಇಷ್ಟ, ಸಾಹುಕಾರ್ರೇ" ಎಂದು ಕಾವಲುಗಾರ ನಗುತ್ತಲೇ ತನ್ನ ಕೆಲಸ ಮುಗಿಸಿ ಬಂದ. ಸಾಹುಕಾರ ಒಂದು ತಿಂಗಳು ಅವನೊಡನೆ ಸರಿಯಾಗಿ ಮಾತಾಡಲಿಲ್ಲ. ಅದಕ್ಕೆ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಹಾಗೆ ಎಂಟು ಕಡೆ ಕೆಲಸವಾಯಿತು.

ಒಂಬತ್ತನೆಯದು ಫೋಟೋ ಸ್ಟುಡಿಯೋ. ಊರಿನಲ್ಲಿ ಯಾರೂ ನಂಬದಿದ್ದಾಗ ಕಾವಲುಗಾರನಿಗೆ ಮೊದಲ ಕೆಲಸ ಕೊಟ್ಟವನು ಆ ಫೋಟೋಗ್ರಾಫರ್. ಅಲ್ಲಿಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವಳು ಅವನ ಮಗಳು ವಾರಿಜಾ. ಮನೆಯಿಂದಲೇ ಸ್ಟುಡಿಯೋದ ಕಂಪ್ಯೂಟರ್ ತೆರೆದು ಕೆಲಸ ಮಾಡಲೆಂದು ಅವಳಿಗೆ ದಾರಿ ಮಾಡಿಕೊಟ್ಟವನು ಕಾವಲುಗಾರನೇ. ಕಾರ್ತಿಕದಲ್ಲಿ ಮೂರು ದಿನದ ಜ್ವರಕ್ಕೆ ಅವಳು ತೀರಿಕೊಂಡಳು. ಅಂದಿನಿಂದ ತಂದೆಯೇ ದಿನವೂ ಅವಳ ಹೆಸರಿನಿಂದ ಕಂಪ್ಯೂಟರ್ ತೆರೆಯುತ್ತಿದ್ದ. ತೆರೆಯುವ ಮೊದಲು ಒಂದು ಊದುಬತ್ತಿ ಹಚ್ಚುತ್ತಿದ್ದ.

ಅವಳ ಹೆಸರಿನ ಆ ಬಾಗಿಲು ಮುಚ್ಚಲು ಕಾವಲುಗಾರ ಬಂದು ಕುಳಿತ. ಫೋಟೋಗ್ರಾಫರ್ ಅವನ ಕೈ ಹಿಡಿದ.

"ತಮ್ಮಾ, ಬೆಳಗ್ಗೆ ಇದನ್ನ ಒತ್ತಿದ ಕೂಡಲೇ ಅವಳ ಹೆಸರು ಬರುತ್ತೆ. ಅದನ್ನ ಓದಿಯೇ ನಾನು ಕಸಬರಿಕೆ ಹಿಡಿಯೋದು. ರೇಷನ್ ಕಾರ್ಡಿಂದ ತೆಗೆದ್ರು. ವೋಟರ್ ಪಟ್ಟಿಯಿಂದ ತೆಗೆದ್ರು. ನೀನೂ ತೆಗೀತೀಯಾ?"

ಕಾವಲುಗಾರ ಕುರ್ಚಿ ಹಿಂದೆ ಸರಿಸಿ ಎದ್ದ. "ಬೇಡ ಬಿಡಿ, ಅಣ್ಣ. ನಿಮ್ಮದು ಹೇಗಿದೆಯೋ ಹಾಗೇ ಇರಲಿ" ಎಂದ.

ಫೋಟೋಗ್ರಾಫರ್ ತಾನೇ ಚಹಾ ಕಾಸಿ ಕೊಟ್ಟ. ಕಾವಲುಗಾರ ಕುಡಿದು ಹೊರಟ. ದಾರಿಯುದ್ದಕ್ಕೂ ಅವನ ಕಣ್ಣು ಒದ್ದೆಯಾಗಿತ್ತು. ವ್ಯವಹಾರದಲ್ಲಿದ್ದೂ ಮನುಷ್ಯತ್ವ ಉಳಿಸಿಕೊಂಡೆ ಎಂದು ಅವನಿಗೆ ಸಮಾಧಾನವಾಗಿತ್ತು.

ಎಂಟು ತಿಂಗಳು ಕಳೆಯಿತು. ವಾರಿಜಾ ಬದುಕಿದ್ದಾಗ ಯಾವುದೋ ಆನ್‌ಲೈನ್ ಅಂಗಡಿಯಿಂದ ಬಳೆ ತರಿಸಲು ಅದೇ ಪಾಸ್‌ವರ್ಡ್ ಬಳಸಿದ್ದಳು. ಅಲ್ಲಿಂದ ಅದು ಕಳ್ಳರ ಕೈಗೆ ಬಿತ್ತು. ಅವರು ಅವಳ ಹೆಸರಿನಿಂದ, ಅವಳಿಗೆಂದು ಮಾಡಿದ ದಾರಿಯಿಂದ, ಸ್ಟುಡಿಯೋದ ಕಂಪ್ಯೂಟರಿನೊಳಗೆ ಬಂದರು. ಸತ್ತವಳು ಹೇಗೆ ಬಂದಳೆಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಇದ್ದಬದ್ದ ಚಿತ್ರಗಳನ್ನೆಲ್ಲ ಯಾರೂ ತೆರೆಯಲಾಗದಂತೆ ಬಿಗಿದು, ಹಣ ಕೇಳಿದರು. ಹಣ ಕಳಿಸಿದರೂ ಬಿಡಿಸಿಕೊಡಲಿಲ್ಲ. ನಕಲುಗಳೂ ಅವಳ ಹೆಸರಿನಲ್ಲೇ ಇದ್ದವು. ಅವೂ ಹೋದವು.

ಕಾವಲುಗಾರ ಮೂರು ದಿನ ಅನ್ನ ನೀರು ಬಿಟ್ಟು ಕುಳಿತ. ಗೊತ್ತಿದ್ದವರನ್ನೆಲ್ಲ ಕೇಳಿದ. ಒಂದು ಚಿತ್ರವೂ ಮರಳಿ ಬರಲಿಲ್ಲ.

ಊರಿನವರಿಗೆ ಅಷ್ಟೇನೂ ನಷ್ಟವಾಗಲಿಲ್ಲ. ಅವರ ಮದುವೆಯ ಆಲ್ಬಮ್ಮುಗಳು ಅವರವರ ಮನೆಯಲ್ಲಿದ್ದವು. ಫೋಟೋಗ್ರಾಫರನ ಮನೆಯಲ್ಲಿ ಏನೂ ಇರಲಿಲ್ಲ. ಮಗಳು ಅಂಬೆಗಾಲಿಟ್ಟಂದಿನಿಂದ ತೆಗೆದ ಚಿತ್ರಗಳೆಲ್ಲ ಆ ಕಂಪ್ಯೂಟರಿನಲ್ಲೇ ಇದ್ದವು. ಅವಳು ಹೋದ ಮೇಲೆ ಒಂದನ್ನೂ ಕಾಗದಕ್ಕೆ ಇಳಿಸಿರಲಿಲ್ಲ. ಇಳಿಸಿದರೆ ಗೋಡೆಗೆ ಹಾಕಬೇಕು, ಗೋಡೆಗೆ ಹಾಕಿದರೆ ಹಾರ ಹಾಕಬೇಕು ಎಂದು ದಿನ ದೂಡಿದ್ದ. ಉಳಿದದ್ದು ಆಧಾರ್ ಕಾರ್ಡಿನದೊಂದೇ. ಅದನ್ನು ತೋರಿಸಿ 'ಇದು ನೀನು' ಎಂದರೆ ಅವಳೇ ನಗುತ್ತಿದ್ದಳು.

ನಾಲ್ಕನೆಯ ದಿನ ಕಾವಲುಗಾರ ಕಂಪ್ಯೂಟರಿನ ಮುಂದಿನಿಂದ ಎದ್ದ. ಫೋಟೋಗ್ರಾಫರ್ ಬೈಯಲಿಲ್ಲ. ಬೈದಿದ್ದರೆ ಕಾವಲುಗಾರನಿಗೆ ಹಗುರವಾಗುತ್ತಿತ್ತು.

"ಗಿರಣಿಯೋರಿಗೆ ಏನೂ ಆಗ್ಲಿಲ್ಲವಾ, ತಮ್ಮಾ?" ಎಂದು ಕೇಳಿದ.

"ಇಲ್ಲ, ಅಣ್ಣ."

"ಅವರು ಎಷ್ಟು ಕೂಗಾಡಿದ್ರೂ ನೀನು ಅವರ ಮಾತು ಕೇಳ್ಲಿಲ್ಲ, ಅಲ್ವಾ" ಎಂದ ಫೋಟೋಗ್ರಾಫರ್.

ಕಾವಲುಗಾರ ಆ ಊರಿನಲ್ಲೇ ಇದ್ದಾನೆ. ಕಸುಬೂ ನಡೆಯುತ್ತಿದೆ. ಆದರೆ ಸ್ಟುಡಿಯೋ ಇರುವ ಬೀದಿಯಲ್ಲಿ ಮಾತ್ರ ಹಾಯುವುದಿಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ ಕೇಳಿದ: "ಹಾಗಾದರೆ, ಗುರುಗಳೇ, ಅಷ್ಟು ನೊಂದ ತಂದೆಯ ಎದುರಿನಲ್ಲೇ ಅವನು ಆ ಹೆಸರನ್ನು ಅಳಿಸಿಬಿಡಬೇಕಿತ್ತೇ?"

ಗುರು ಹೇಳಿದರು: "ಬಾಗಿಲು ಮುಚ್ಚಿ, ದಿನವೂ ಕಾಣುವಂತೆ ಆ ಹೆಸರನ್ನು ಪರದೆಯ ಮೇಲೆ ಬರೆದುಕೊಡಲು ಅರ್ಧ ಗಂಟೆ ಸಾಕಿತ್ತು, ಕಣ್ಣೀರು ಹಾಕಲು ಬಿಡುವಿದ್ದವನಿಗೆ ಅಷ್ಟು ಬಿಡುವಿರಲಿಲ್ಲ."