ತಾನೇ ತೂಗುವ ತೊಟ್ಟಿಲು

"ಗುರುಗಳೇ, ಕೆಲಸ ಹಗುರ ಮಾಡುವ ಉಪಾಯಗಳನ್ನು ಜನ ಎಲ್ಲ ದೇಶಗಳಲ್ಲೂ ಹುಡುಕುತ್ತಲೇ ಇದ್ದಾರೆ. ಆದರೂ ಮನುಷ್ಯನ ದಣಿವು ಯಾಕೆ ಕಡಿಮೆಯಾಗುವುದಿಲ್ಲ?"

ಹೀಗೆ ಕೇಳಿದ ಶಿಷ್ಯ ಮಠಕ್ಕೆ ಎಣ್ಣೆ ತರಲು ಬಂದರಿನ ಪಟ್ಟಣಕ್ಕೆ ಹೋಗಿ ಆಗತಾನೇ ಮರಳಿದ್ದ. ಅಲ್ಲಿ ಒಬ್ಬ ವರ್ತಕ ಕಡಲಾಚೆಯಿಂದ ತಂದ ವಿಚಿತ್ರ ವಸ್ತುಗಳನ್ನು ಒಂದು ಕೋಣೆಯ ತುಂಬ ಜೋಡಿಸಿಟ್ಟಿದ್ದ. ಚಹಾದ ಬಟ್ಟಲು ಹೊತ್ತು ನಡೆದು ಬರುವ ಮರದ ಬೊಂಬೆ, ಕೀಲಿ ಕೊಟ್ಟರೆ ಹಾಡುವ ತಗಡಿನ ಹಕ್ಕಿ, ಸೊಳ್ಳೆ ಓಡಿಸಲು ಟೋಪಿಯ ಮೇಲೆ ತಿರುಗುವ ಬೀಸಣಿಗೆ. ಶಿಷ್ಯ ಅವನ್ನೆಲ್ಲ ನೋಡಿ ಬಂದಿದ್ದ. ಅವನ ಮಾತು ನಿಲ್ಲುವಂತಿರಲಿಲ್ಲ.

ಗುರುಗಳು ಊಟ ಮುಗಿಸಿ ಗೋಡೆಗೆ ಒರಗಿದ್ದರು. ಬೆಳಗಿನಿಂದ ಜನ ಬಂದು ಹೋಗುತ್ತಲೇ ಇದ್ದರು. ಅವರು ಕಣ್ಣು ತೆರೆಯದೆ ಹೇಳಿದರು, "ಕೂತುಕೋ ತಮ್ಮಾ. ಒಂದು ಕತೆ ಹೇಳುತ್ತೇನೆ."

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ನೇಗಿಲು, ಬಾಗಿಲು, ಮಂಚ ಮಾಡಿಕೊಟ್ಟು ಸಂಸಾರ ನಡೆಸುತ್ತಿದ್ದ. ಕೈ ಬಿಡುವಾದಾಗ ಮಾತ್ರ ಯಾರೂ ಕೇಳದ ವಸ್ತುಗಳನ್ನು ಮಾಡುತ್ತಿದ್ದ. ದಾರ ಎಳೆದರೆ ಬೆನ್ನು ಕೆರೆಯುವ ಕೋಲು. ಕೂತವರು ಎದ್ದ ಕೂಡಲೇ ನಿಟ್ಟುಸಿರು ಬಿಡುವ ಮಣೆ. ಏನು ಹೇಳಿದರೂ ಹೌದೆಂದು ತಲೆಯಾಡಿಸುವ ಮರದ ಕಾಗೆ. ಆ ಕಾಗೆಯನ್ನು ಅವನ ಹೆಂಡತಿ ಅಡಿಗೆಮನೆಯ ಕಿಟಕಿಯಲ್ಲಿ ಇಟ್ಟುಕೊಂಡಿದ್ದಳು. "ಈ ಮನೆಯಲ್ಲಿ ನನ್ನ ಮಾತಿಗೆ ಹೌದು ಅನ್ನುವುದು ಇದೊಂದೇ" ಎಂದು ನಗುತ್ತಿದ್ದಳು.

ಅವರಿಗೆ ಒಂದು ಗಂಡು ಮಗು ಹುಟ್ಟಿತು. ತೊಟ್ಟಿಲು ಆಡುತ್ತಿದ್ದರೆ ಮಾತ್ರ ಮಲಗುವ ಮಗು. ತೂಗುವ ಕೈ ನಿಂತರೆ ಅಳು. ತಾಯಿ ಒಂದು ಕೈಯಲ್ಲಿ ಅಕ್ಕಿ ಆರಿಸುತ್ತ ಇನ್ನೊಂದು ಕೈಯಲ್ಲಿ ತೂಗಿದಳು. ಆಮೇಲೆ ಎರಡು ಕೈಯೂ ಬೇಕಾಗಿ ಕಾಲ ಹೆಬ್ಬೆರಳಿಗೆ ಹಗ್ಗ ಕಟ್ಟಿಕೊಂಡಳು. ಊಟ ಮಾಡುವಾಗಲೂ ಆ ಕಾಲು ಆಡುತ್ತಲೇ ಇತ್ತು. ನಿದ್ದೆ ಎಂದರೇನೆಂದು ಅವಳಿಗೆ ಮರೆತುಹೋಯಿತು. ಒಂದು ಸಂಜೆ ಒಲೆಯ ಮುಂದೆ ಕೂತಲ್ಲೇ ತೂಕಡಿಸಿದಳು. ಸೆರಗಿಗೆ ಬೆಂಕಿ ತಾಗಿತು. ಗಂಡ ಓಡಿ ಬಂದು ನೀರೆರಚಿದ.

ಅವಳು ಸುಟ್ಟ ಸೆರಗನ್ನು ನೋಡುತ್ತ ಹೇಳಿದಳು, "ನೀವು ಕಾಗೆಗೆ ತಲೆಯಾಡಿಸುವುದನ್ನು ಕಲಿಸಿದಿರಿ. ಈ ತೊಟ್ಟಿಲಿಗೆ ತೂಗಿಕೊಳ್ಳುವುದನ್ನು ಕಲಿಸಿ. ನಾನು ಒಂದು ಮಧ್ಯಾಹ್ನ ಮಲಗಬೇಕು. ನನಗೆ ಬೇರೇನೂ ಬೇಡ."

ಬಡಗಿಗೆ ಹೆಂಡತಿಯ ಮೇಲೆ ಪ್ರೀತಿ ಇತ್ತು. ಒಪ್ಪಿಕೊಂಡ ಕೆಲಸಗಳನ್ನೆಲ್ಲ ಬದಿಗಿಟ್ಟು ಅವನು ಅದೊಂದರ ಹಿಂದೆ ಬಿದ್ದ. ಕೊನೆಗೆ ತೊಟ್ಟಿಲ ಕೆಳಗೆ ಒಂದು ಮರದ ಪೆಟ್ಟಿಗೆ ಕೂರಿಸಿದ. ಬೆಳಿಗ್ಗೆ ಪೆಟ್ಟಿಗೆಯ ಹಿಡಿಯನ್ನು ತಿರುಗಿಸಿ ಬಿಟ್ಟರೆ ದೀಪ ಹಚ್ಚುವ ಹೊತ್ತಿನವರೆಗೆ ತೊಟ್ಟಿಲು ತಾನೇ ತೂಗುತ್ತಿತ್ತು. ಮಗು ಮಲಗಿತು. ತಾಯಿ ಚಾಪೆ ಹಾಸಿದಳು. ಕೈ ಮಡಿಸಿ ತಲೆಯ ಕೆಳಗೆ ಇಟ್ಟುಕೊಂಡಳು.

ಆಗ ಪಕ್ಕದ ಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದಳು. ತೊಟ್ಟಿಲನ್ನು ನೋಡಿದಳು. "ಅಯ್ಯಯ್ಯೋ, ಯಾರೂ ಮುಟ್ಟದೆ ತೂಗುತ್ತಿದೆಯಲ್ಲೇ!" ಎಂದು ಕೂಗಿಕೊಂಡು ಬೀದಿಗೆ ಓಡಿದಳು. ಮರಳಿ ಬರುವಾಗ ಬೀದಿಯೇ ಅವಳ ಹಿಂದೆ ಇತ್ತು.

ಆ ಕಡೆ ಒಂದು ಪದ್ಧತಿ ಇತ್ತು. ಹೊಸಿಲು ದಾಟಿ ಬಂದವರು ಬೆಲ್ಲ ನೀರು ತೆಗೆದುಕೊಳ್ಳದೆ ಹೋಗಬಾರದು. ಹೆಂಗಸರಾದರೆ ಕುಂಕುಮ ಇಟ್ಟು ಕಳಿಸಬೇಕು. ಬರಿ ಬಾಯಲ್ಲಿ ಕಳಿಸಿದ ಮನೆಯ ಹೆಸರು ಊರಿನ ಬಾಯಲ್ಲಿ ಉಳಿಯುತ್ತಿತ್ತು. ಬಡಗಿಯ ಹೆಂಡತಿ ಚಾಪೆ ಸುತ್ತಿಟ್ಟು ಎದ್ದಳು.

ಮರುದಿನ ಪಕ್ಕದ ಕೇರಿಯವರು ಬಂದರು. ಆಮೇಲೆ ಪಕ್ಕದ ಊರಿನವರು ಗಾಡಿ ಕಟ್ಟಿಕೊಂಡು ಬಂದರು. ದೇಶ ಸುತ್ತಿದ ಒಬ್ಬ ವ್ಯಾಪಾರಿಯೂ ಬಂದ. "ಹೊತ್ತು ತಿಳಿಸುವ ಕಂಚಿನ ಆನೆಯನ್ನು ನೋಡಿದ್ದೇನೆ. ತಾನೇ ಬರೆಯುವ ಬೊಂಬೆಯನ್ನು ನೋಡಿದ್ದೇನೆ. ಇಂಥದ್ದನ್ನು ಎಲ್ಲಿಯೂ ನೋಡಿಲ್ಲ" ಎಂದು ಅವನು ಬೆಲ್ಲ ಚೀಪುತ್ತ ಹೇಳಿದ. ಬಡಗಿ ಎಲ್ಲರಿಗೂ ಪೆಟ್ಟಿಗೆಯನ್ನು ತೋರಿಸಿದ. ಮುಚ್ಚಳವನ್ನು ಮಾತ್ರ ತೆಗೆಯಲಿಲ್ಲ. ಅದರಿಂದ ಜನ ಇನ್ನೂ ಹೆಚ್ಚಾದರು. ಹೆಂಡತಿ ಬೆಲ್ಲ ಕುಟ್ಟಿದಳು, ನೀರು ಸೇದಿದಳು, ಲೋಟ ತೊಳೆದಳು.

"ಮೊದಲು ಒಂದು ತೊಟ್ಟಿಲು ತೂಗುತ್ತಿದ್ದೆ. ಈಗ ಊರನ್ನೇ ತೂಗುತ್ತಿದ್ದೇನೆ" ಎಂದು ಅವಳು ಗಂಡನಿಗೆ ಹೇಳಿದಳು. "ನಾಳೆ ಒಂದು ದಿನ ಬಾಗಿಲು ಹಾಕೋಣ."

"ಬಂದವರ ಮುಖದ ಮೇಲೆ ಬಾಗಿಲು ಹಾಕುವುದೇ? ನಿನಗೋಸ್ಕರ ಮಾಡಿದ ವಸ್ತು ಕಣೇ ಇದು. ನಾಲ್ಕು ಜನ ಮೆಚ್ಚಿದರೆ ಬೇಸರವೇ?"

ಅವಳು ಎಂಜಲು ಲೋಟಗಳನ್ನು ಎತ್ತತೊಡಗಿದಳು. ವಾದ ಮಾಡುವುದಕ್ಕೂ ಶಕ್ತಿ ಬೇಕು.

ಅವಳ ಮುಖ ನೋಡಿ ಬಡಗಿಗೆ ಮರುಕ ಹುಟ್ಟಿತು. ಅವನಿಗೆ ಗೊತ್ತಿದ್ದ ಉಪಾಯ ಒಂದೇ. ಮತ್ತೆ ಕೆಲಸಕ್ಕೆ ಕೂತ. ಒಂದು ಮರದ ಹಸು ಮಾಡಿ ಜಗಲಿಯ ಮೇಲೆ ನಿಲ್ಲಿಸಿದ. ಬಾಲ ಎತ್ತಿದರೆ ಬಾಯಿಂದ ನೀರು ಬರುತ್ತಿತ್ತು. ಕಿವಿ ತಿರುಗಿಸಿದರೆ ಅಂಗೈಗೆ ಒಂದು ಚೂರು ಬೆಲ್ಲ ಬೀಳುತ್ತಿತ್ತು. "ಇನ್ನು ನೀನು ಏಳುವುದೇ ಬೇಡ. ಬಂದವರು ತಾವೇ ತೆಗೆದುಕೊಳ್ಳುತ್ತಾರೆ" ಎಂದ.

ತೊಟ್ಟಿಲನ್ನು ನೋಡಿ ಹೋದವರೆಲ್ಲ ಹಸುವನ್ನು ನೋಡಲು ಮತ್ತೆ ಬಂದರು. ಬಾಯಾರದವರೂ ಬಾಲ ಎತ್ತಿದರು. ಮಕ್ಕಳಂತೂ ಬಾಲ ಬಿಡಲೇ ಇಲ್ಲ. ಹಸುವಿನ ಹೊಟ್ಟೆ ಬರಿದಾಗುತ್ತಿತ್ತು. ಒಳಗಿನಿಂದ ಬಡಗಿ ಕೂಗುತ್ತಿದ್ದ, "ಏನೇ, ಹಸುವಿಗೆ ನೀರು ಹಾಕು!" ಅವಳು ಬಾವಿಗೂ ಹಸುವಿಗೂ ನಡುವೆ ನಡೆದಳು.

ಒಂದು ದಿನ ಅವಳು ಕೊಡ ಹೊತ್ತು ಬರುವಾಗ ಅಂಗಳ ಓರೆಯಾದಂತೆ ಕಂಡಿತು. ಗೋಡೆ ಹಿಡಿದು ನಿಂತಳು. ಕೊಡ ಬಿದ್ದು ಉರುಳಿತು. ಹಸುವಿನ ಸುತ್ತ ಇದ್ದವರು ಆ ಸದ್ದಿಗೆ ತಿರುಗಿ ನೋಡಿ, ಮತ್ತೆ ಹಸುವಿನ ಕಡೆ ತಿರುಗಿದರು.

ಅವಳು ಹಿತ್ತಲ ಬಾಗಿಲಿನಿಂದ ಒಳಗೆ ಹೋದಳು. ಬಡಗಿಯೂ ಜಗಲಿಯಲ್ಲಿದ್ದ, ಒಳಗೆ ಯಾರೂ ಇರಲಿಲ್ಲ. ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡಳು. ಆದರೆ ಖಾಲಿ ತೊಟ್ಟಿಲು ತೂಗಬಾರದು, ಅದು ಮಗುವಿಗೆ ಒಳ್ಳೆಯದಲ್ಲ ಎನ್ನುವುದು ಅವಳು ಹುಟ್ಟಿನಿಂದ ಕೇಳಿದ ಮಾತು. ನಿಲ್ಲಿಸೋಣವೆಂದರೆ ಯಾಕೆ ನಿಂತಿತೆಂದು ಜನ ಅವಳನ್ನು ಹುಡುಕಿಕೊಂಡು ಬರುತ್ತಾರೆ. ಅವಳಿಗೆ ನಾಮಕರಣದ ದಿನ ನೆನಪಾಯಿತು. ಆ ದಿನ ಮಗುವಿಗಿಂತ ಮೊದಲು ರುಬ್ಬುವ ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕುತ್ತಾರೆ, ಮಗು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು. ಅವಳು ಒರಳಿನಿಂದ ಗುಂಡುಕಲ್ಲನ್ನು ತಂದು ಒರೆಸಿದಳು. ಬಟ್ಟೆ ಸುತ್ತಿ, ಮೇಲೆ ಮಗುವಿನ ಕುಲಾವಿ ತೊಡಿಸಿ, ಗೋಡೆಯ ಕಡೆ ಮುಖವಿದ್ದಂತೆ ಮಲಗಿಸಿದಳು. ತೊಟ್ಟಿಲು ತೂಗುತ್ತಲೇ ಇತ್ತು.

ಜನ ಒಳಗೆ ಬಂದರು. ಬಡಗಿ ಪೆಟ್ಟಿಗೆಯ ಬಗ್ಗೆ ಹೇಳಿದ.

"ಮೆಲ್ಲಗೆ ಮಾತಾಡಿ, ಮಗು ಮಲಗಿದೆ" ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದರು.

ಒಬ್ಬ ಮುದುಕಿ ಬಗ್ಗಿ ನೋಡಿ, "ಎಷ್ಟು ಸಾಧು ಮಗು, ಒಂದು ಸದ್ದಿಲ್ಲ. ತಲೆಯಂತೂ ಥೇಟ್ ಅಪ್ಪನದೇ" ಎಂದು ನೆಟಿಗೆ ತೆಗೆದು ದೃಷ್ಟಿ ನಿವಾಳಿಸಿದಳು. ಬಡಗಿ ಬೀಗಿದ. ಅವನು ತೊಟ್ಟಿಲೊಳಗೆ ನೋಡಲಿಲ್ಲ. ಅವನ ಕಣ್ಣು ಪೆಟ್ಟಿಗೆಯ ಮೇಲೆ ಇತ್ತು.

ಹಿತ್ತಲಿನಲ್ಲಿ ಗರಗಸದ ಹೊಟ್ಟಿನ ರಾಶಿ ಇತ್ತು. ಅವಳು ಅದರ ಮರೆಯಲ್ಲಿ ಸುಟ್ಟ ಸೆರಗನ್ನೇ ಹಾಸಿದಳು. ಮಗುವನ್ನು ಮಲಗಿಸಿ ಪಕ್ಕದಲ್ಲಿ ತಾನೂ ಒರಗಿದಳು. ಮನೆಯೊಳಗಿನಿಂದ ಜನರ ನಗು ಕೇಳುತ್ತಿತ್ತು. ಯಾರೋ ಹಸುವಿನ ಬಾಲ ಎತ್ತಿ ಇಳಿಸುತ್ತಿದ್ದರು. ಇಲ್ಲಿ ತೂಗುವುದಕ್ಕೆ ತೊಟ್ಟಿಲಿರಲಿಲ್ಲ, ಹಗ್ಗವಿರಲಿಲ್ಲ. ಮಗು ಕಣ್ಣು ಬಿಟ್ಟು ಆಕಾಶವನ್ನು ನೋಡಿತು. ಅವಳು ಅದರ ಹೊಟ್ಟೆಯ ಮೇಲೆ ಕೈ ಇಟ್ಟಳು. ಅವಳ ರೆಪ್ಪೆಗಳು ಇಳಿಯುತ್ತಿದ್ದವು. ಮಗುವಿನ ತುಟಿ ಸೊಟ್ಟಗಾಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಕುಲಾವಿ ತೊಟ್ಟ ಗುಂಡುಕಲ್ಲನ್ನು ನೆನೆದು ಶಿಷ್ಯನಿಗೆ ನಗು ಬಂತು. ನಗು ಇಳಿದ ಮೇಲೆ ಅವನು ಇನ್ನಷ್ಟು ಹತ್ತಿರ ಸರಿದು ಕೂತ.

"ಗುರುಗಳೇ, ಆ ಪೆಟ್ಟಿಗೆಯೊಳಗೆ ಏನಿತ್ತು?"

ಗುರುಗಳು ಮೊದಲ ಸಲ ಕಣ್ಣು ತೆರೆದು ಅವನನ್ನು ನೋಡಿದರು.

"ಅವಳಿಗೆ ನಿದ್ದೆ ಬಂತೇ ಎಂದು ನೀನೂ ಕೇಳಲಿಲ್ಲ."