ಗಂಡ ಕೂಗಿದ ಹೆಸರು

ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಸಾಂತವ್ವನ ಗಂಡ ತೀರಿಕೊಂಡು ಎರಡು ತಿಂಗಳಾಗಿತ್ತು. ಸತ್ತವರು ತಮಗೆ ಕಾಣುತ್ತಾರೆನ್ನುವ ಗುರುಗಳೊಬ್ಬರು ಊರಿಗೆ ಬಂದಾಗ, ನೆರೆಯವರು ಅವಳನ್ನೂ ಕರೆದೊಯ್ದರು.

ಗುರುಗಳು ಕಣ್ಣು ಮುಚ್ಚಿದರು. "ನಿನ್ನ ಗಂಡ ಕತ್ತಲಲ್ಲಿ ನರಳುತ್ತಿದ್ದಾನೆ. 'ಸಾಂತವ್ವಾ, ಸಾಂತವ್ವಾ' ಎಂದು ಕೂಗುತ್ತಿದ್ದಾನೆ. ಕೆಲಸ ಬಿಟ್ಟು ಹನ್ನೆರಡು ವರ್ಷ ನಮ್ಮ ಆಶ್ರಮದಲ್ಲಿ ಸೇವೆ ಮಾಡು. ಅವನಿಗೆ ಬಿಡುಗಡೆಯಾಗುತ್ತದೆ."

ಸಾಂತವ್ವ ತಲೆ ಎತ್ತಿದಳು.

"ಬಾಯಿಬಿಟ್ಟು ಕೂಗಾಕತ್ತಾರೇನ್ರಿ ಅಜ್ಜಾರ?"

"ಹೌದು, ಸ್ಪಷ್ಟವಾಗಿ ಕೇಳುತ್ತಿದೆ."

"ಅವರು ಹುಟ್ಟು ಮೂಗರಿದ್ರು ರೀ. ಇಪ್ಪತ್ತು ವರ್ಷ ಚಪ್ಪಾಳೆ ತಟ್ಟಿ ನನ್ನ ಕರೆದ್ರು."

ಜನ ಗುಸುಗುಸು ಮಾತಾಡತೊಡಗಿದರು. ಗುರುಗಳು ಕೆಮ್ಮಿದರು. "ಅದು... ಸತ್ತ ಮೇಲೆ ದೇಹದ ಊನವೆಲ್ಲ ಹೋಗಿಬಿಡುತ್ತದೆ, ತಾಯಿ."

ಸಾಂತವ್ವ ಕೈಮುಗಿದಳು. "ಹಂಗಾದ್ರ ಅವರು ನರಳಾಕತ್ತಿಲ್ಲ ಬಿಡ್ರಿ. ಮೊದಲ ಸಲ ಮಾತು ಬಂದೈತಿ, ಖುಷಿಗೆ ನನ್ನ ಹೆಸರು ಕೂಗಾಕತ್ತಾರ. ಅದನ್ನ ನಾ ಯಾಕ ಬಿಡಿಸಬೇಕ್ರಿ?"

ಗುರುಗಳು ಮತ್ತೆ ಕಣ್ಣು ಮುಚ್ಚಿ, "ಮುಂದಿನವರು ಬನ್ನಿ" ಎಂದರು. ಯಾರೂ ಏಳಲಿಲ್ಲ.

ಗುರುಗಳಿಗೆ ಏನೂ ಕಂಡಿಲ್ಲವೆಂದು ಸಾಂತವ್ವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ತಾನೇ ಆಡಿದ ಮಾತನ್ನು ನೆನೆದು, ಕಣ್ಣೊರೆಸಿಕೊಂಡು ನಗುತ್ತ, ಮಕ್ಕಳಿಗೆ ಬೇಳೆ ಬೇಯಿಸಲು ಶಾಲೆಯ ಕಡೆ ನಡೆದಳು.