ಕಾಳಗದ ನಂತರದ ಗೊಂಬೆ

"ಗುರುಗಳೇ, ನಾಳೆಯ ಚರ್ಚೆಯಲ್ಲಿ ಪುರಾಣದ ಯಾವ ಕತೆ ಎತ್ತಿದರೆ ಎದುರಿನವರ ಬಾಯಿ ಮುಚ್ಚಿಸಬಹುದು?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. "ಇಷ್ಟು ವರ್ಷ ಪುರಾಣ ಓದಿದ್ದು ಇದಕ್ಕೇನಯ್ಯಾ? ಸರಿ, ಕೂತುಕೋ" ಎಂದು ಹೇಳತೊಡಗಿದರು.

ಎರಡು ಊರುಗಳ ನಡುವೆ ಒಂದು ಕೆರೆ ಇತ್ತು. ಆ ಕೆರೆಯ ಕತೆಯನ್ನು ಎರಡೂ ಊರಿನವರು ತೊಗಲುಗೊಂಬೆ ಆಟದಲ್ಲಿ ನೋಡಿ ಬೆಳೆದವರು. ಒಬ್ಬ ರಾಕ್ಷಸ ಆ ನೀರನ್ನು ಕಾಯುತ್ತಿದ್ದ. ಒಬ್ಬ ರಾಜ ಬಂದು ನೀರು ಕೇಳಿದ. ಮಾತಿಗೆ ಮಾತು ಬೆಳೆದು ಕಾಳಗವಾಯಿತು. ರಾಕ್ಷಸ ಬಿದ್ದ.

ಗೊಂಬೆಯಾಟದಲ್ಲಿ ಒಂದು ಪಾತ್ರಕ್ಕೆ ಒಂದೇ ಗೊಂಬೆ ಸಾಲದು. ಸಿಟ್ಟಿಗೆ ಒಂದು, ಸಂತೋಷಕ್ಕೆ ಒಂದು, ದುಃಖಕ್ಕೆ ಇನ್ನೊಂದು. ಈ ಆಟಕ್ಕೆ ಕೊನೆಯ ಗೊಂಬೆ ಎಂದು ಬೇರೆಯೇ ಇತ್ತು. ಅದರಲ್ಲಿ ರಾಜ ನೆಲದ ಮೇಲೆ ಕೂತಿದ್ದಾನೆ, ಸತ್ತ ರಾಕ್ಷಸನ ತಲೆ ಅವನ ತೊಡೆಯ ಮೇಲಿದೆ. ಇಬ್ಬರನ್ನೂ ಒಂದೇ ತೊಗಲಿನಲ್ಲಿ ಬಿಡಿಸಿ ಕತ್ತರಿಸಿದ್ದರು. ಆ ಗೊಂಬೆ ಪರದೆಯ ಮೇಲೆ ಬಂದಾಗ ರಾಜ ಒಂದು ಪದ ಹಾಡುತ್ತಾನೆ.

ಆದರೆ ರಾಕ್ಷಸ ಬಿದ್ದ ಕೂಡಲೇ ಜನ ಚಾಪೆ ಸುತ್ತಿಕೊಂಡು ಏಳುತ್ತಿದ್ದರು. ಕಾಳಗ ಮುಗಿದ ಮೇಲೆ ನೋಡುವುದೇನಿದೆ ಎಂದು ಅವರ ಎಣಿಕೆ. ಹಿಡಿದ ಆಟವನ್ನು ಅರ್ಧಕ್ಕೆ ಬಿಡಬಾರದೆಂಬುದು ಆಟದವನ ಮನೆತನದ ಕಟ್ಟಳೆ. ಅವನೂ ಅವನ ಹೆಂಡತಿಯೂ ಖಾಲಿ ಬಯಲಿಗೆ ಮುಖ ಮಾಡಿ ಆ ಪದವನ್ನು ಪೂರ್ತಿ ಹಾಡಿಯೇ ದೀಪ ಆರಿಸುತ್ತಿದ್ದರು.

ಕಾಲ ಕಳೆಯಿತು. ಆಟಕ್ಕೆ ಕರೆಯುವವರಿಲ್ಲವಾದರು. ಹೆಂಡತಿ ತೀರಿಕೊಂಡಳು. ಮುದುಕನಾಗಿದ್ದ ಆಟದವನಿಗೆ ಉಳಿದದ್ದು ಆ ಗೊಂಬೆಗಳ ಪೆಟ್ಟಿಗೆ ಮಾತ್ರ.

ಅದೇ ಸಮಯಕ್ಕೆ ಕೆರೆ ಯಾರದು ಎಂಬ ಜಗಳ ಎದ್ದಿತು. ಮೇಲಿನೂರಿನವರು ನಾವು ರಾಜನ ಕಡೆಯವರು, ಗೆದ್ದ ನೀರು ನಮ್ಮದು ಎಂದರು. ಕೆಳಗಿನೂರಿನವರು ನಾವು ರಾಕ್ಷಸನ ಕಡೆಯವರು, ನಿಮ್ಮ ರಾಜ ಕಳ್ಳ ಎಂದರು. ಅಲ್ಲಿಯವರೆಗೆ ತಾವು ಯಾರ ಕಡೆಯವರೆಂದು ಒಬ್ಬರಿಗೂ ಗೊತ್ತಿರಲಿಲ್ಲ, ನೋಡು! ಫ್ಲೆಕ್ಸು ಕಟ್ಟಿದರು, ಮೈಕು ಹಿಡಿದರು, ಟಿವಿಯವರನ್ನು ಕರೆಸಿದರು.

ಒಂದು ಮಧ್ಯಾಹ್ನ ಮೇಲಿನೂರಿನ ಒಬ್ಬ ತರುಣ ಮುದುಕನ ಬಾಗಿಲಿಗೆ ಬಂದ. ನಾಲ್ಕಕ್ಷರ ಓದಿದವನು. ಮಾತಿನಲ್ಲಿ ಬಲು ಚುರುಕು, ಆ ಚುರುಕಿನ ಮೇಲೆ ಅವನಿಗೇ ಬಲು ಪ್ರೀತಿ. ಗೊಂಬೆ ಕೇಳಿಕೊಂಡು ಒಬ್ಬ ಬಂದನಲ್ಲ ಎಂದು ಮುದುಕ ಹಿಗ್ಗಿ ಹೋದ. ಜಗಲಿ ಗುಡಿಸಿ ಚಾಪೆ ಹಾಸಿದ.

"ತಾತ, ಸಿಟ್ಟಿನ ರಾಜ ಒಬ್ಬನಿದ್ದರೆ ಸಾಕು. ಸಭೆಯಲ್ಲಿ ಎತ್ತಿ ತೋರಿಸಬೇಕು."

"ತಗೊಂಡೋಗಪ್ಪಾ. ಆದ್ರೆ ಕೊನೇಲಿ ರಾಜ ಹಾಡೋ ಪದ ಒಂದೈತೆ. ಇದುವರ್ಗೂ ಯಾರೂ ಕೇಳಿಲ್ಲ. ಒಂದು ಗಳಿಗೆ ಕೂತ್ಕೋ, ಹಾಡ್ತೀನಿ."

"ಸಭೆಗೆ ಹೊತ್ತಾಯ್ತು ತಾತ" ಎಂದು ತರುಣ ರಾಜನ ಗೊಂಬೆಯನ್ನು ಹೆಗಲಿಗೇರಿಸಿಕೊಂಡು ಹೊರಟ. ಮರುದಿನ ಕೆಳಗಿನೂರಿನವರು ಬಂದು ಹಲ್ಲು ಮಸೆಯುವ ರಾಕ್ಷಸನನ್ನು ಒಯ್ದರು. ಅವರಿಗೂ ಪುರುಸೊತ್ತಿರಲಿಲ್ಲ. ಮಡಚದ ಚಾಪೆಯ ಪಕ್ಕದಲ್ಲಿ ಮುದುಕ ಸಂಜೆಯವರೆಗೆ ಕೂತಿದ್ದನಂತೆ.

ಆಮೇಲೆ ಎರಡೂ ಊರು ಸೇರಿದ ಸಭೆಯಲ್ಲಿ, ಹಿಂದೊಮ್ಮೆ ಚಾಪೆ ಸುತ್ತುತ್ತಾ ಪರದೆಯತ್ತ ಕಣ್ಣು ಹಾಯಿಸಿದ್ದ ಯಾರೋ ಒಬ್ಬರು ಕೊನೆಯ ಗೊಂಬೆಯ ಮಾತೆತ್ತಿದರು. ನಮ್ಮ ರಾಜ ರಾಕ್ಷಸನಿಗಾಗಿ ಅಳುವವನಲ್ಲ ಎಂದರು ಮೇಲಿನೂರಿನವರು. ನಮ್ಮ ರಾಕ್ಷಸ ಕೊಂದವನ ತೊಡೆಯ ಮೇಲೆ ಮಲಗುವವನಲ್ಲ ಎಂದರು ಕೆಳಗಿನೂರಿನವರು. ಅದು ಮುದುಕ ತಾನೇ ಸೇರಿಸಿದ ಸುಳ್ಳು ಎಂಬ ಒಂದು ಮಾತಿಗೆ ಎರಡೂ ಕಡೆಯವರು ಒಪ್ಪಿದರು. ಅವರು ಒಪ್ಪಿದ್ದು ಅದೊಂದನ್ನೇ. ದಿನವಿಡೀ ಬಿಸಿಲಿನಲ್ಲಿ ಕೋಲಿಗೆ ಕಟ್ಟಿ ಮೆರೆಸಿದ ಗೊಂಬೆಗಳು ಮುರುಟಿಕೊಂಡವು. ಅವೆರಡೂ ಮತ್ತೆ ಮುದುಕನ ಪೆಟ್ಟಿಗೆ ಸೇರಲಿಲ್ಲ.

ಊರವರು ಸುಳ್ಳುಗಾರ ಎಂದದ್ದು ಮುದುಕನ ಕಿವಿಗೆ ಬಿತ್ತು. ಅವನು ಯಾರ ಹತ್ತಿರವೂ ವಾದಕ್ಕೆ ಹೋಗಲಿಲ್ಲ. ದಿನಾ ದೀಪ ಹಚ್ಚುವ ಹೊತ್ತಿಗೆ ತನ್ನ ಪಂಚೆಯನ್ನೇ ಪರದೆ ಕಟ್ಟಿ ಕೊನೆಯ ಗೊಂಬೆ ಆಡಿಸುತ್ತಿದ್ದ. ಒಳಗೆ ಅದೇನೋ ಗೊಣಗುತ್ತಾನೆ ಎಂದು ನೆರೆಯವರು ಕದ ಹಾಕಿಕೊಳ್ಳುತ್ತಿದ್ದರು. ಅವನು ಸತ್ತ ದಿನ ಆ ಗೊಂಬೆಯನ್ನು, ಗೊಂಬೆಯಾಟದವರ ಪದ್ಧತಿಯಂತೆ, ಹೊಳೆಗೆ ಬಿಟ್ಟರು. ಕೆರೆಯ ಜಗಳ ಇನ್ನೂ ನಡೆಯುತ್ತಿದೆ.

ಗುರುಗಳು ಕತೆ ಮುಗಿಸಿದರು. ಶಿಷ್ಯನಿಗೆ ಮರುದಿನದ ಚರ್ಚೆ ಮರೆತುಹೋಗಿತ್ತು.

"ಗುರುಗಳೇ, ರಾಕ್ಷಸನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರಾಜ ಏನೆಂದು ಹಾಡುತ್ತಾನೆ?"

"ಗೊತ್ತಿಲ್ಲಪ್ಪ, ಆ ಮಧ್ಯಾಹ್ನ ಚಾಪೆಯ ಮೇಲೆ ಕೂರದೆ ಹೊರಟವನು ನಾನೇ."